ತೊಳೆಯದ ರೆಕ್ಕೆ

ಫ್ಯಾನಿನ ರೆಕ್ಕೆಯನ್ನು ತೊಳೆಯದೆ ಲ್ಯಾಬಿಗೆ ತಂದದ್ದು ನೀಲಗಂಗಾ ಮಾಡಿದ ತಪ್ಪು. ಸೋಪು ಹಚ್ಚಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ ತಾ ಎಂದು ಸವದತ್ತಿ ಸರ್ ಒಂದಲ್ಲ, ಮೂರು ಸಲ ಹೇಳಿದ್ದರು. ಆದರೆ ರೆಕ್ಕೆ ಬಿಚ್ಚಿದ್ದು ಆಯುಧಪೂಜೆಯ ದಿನ. ಗದಗದ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಅವಳಪ್ಪ ಫಕ್ಕೀರಪ್ಪ, ಮಗಳ ಓದಿಗೆ ಹೋಗುವ ಸಾಮಾನು ಎಂದು ಅದನ್ನೂ ಒಲೆ, ರುಬ್ಬುವ ಯಂತ್ರ, ಈಳಿಗೆಗಳ ಸಾಲಿನಲ್ಲಿ ಇಟ್ಟ. ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿಯೇಬಿಟ್ಟ. ಪೂಜೆಯಾದ ಆಯುಧವನ್ನು ಕೆಲಸ ಶುರುವಾಗುವ ಮುಂಚೆಯೇ ಸೋಪಿನಲ್ಲಿ ಉಜ್ಜುವ ಧೈರ್ಯ ಯಾರಿಗಿದೆ? ವಿಜಯದಶಮಿಯ ಮರುದಿನ ಅವಳು ರೆಕ್ಕೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಹಾಗೇ ಕಾಲೇಜಿಗೆ ಒಯ್ದಳು. ತೊಳೆದಿದ್ದೀಯಲ್ಲ ಎಂದು ಸರ್ ಕೇಳಿದರು. ಹ್ಞೂಂ ಎಂದಳು. ಕೇಳಿದ್ದಕ್ಕೆಲ್ಲ ಹ್ಞೂಂ ಎನ್ನುವುದು ಅವಳ ಹಳೆಯ ಚಾಳಿ.

ಇಂಜಿನಿಯರಿಂಗಿನ ಕೊನೆಯ ವರ್ಷದ ಪ್ರಾಜೆಕ್ಟು ಅದು. ತಿರುಗುವ ಫ್ಯಾನಿನ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಬೇಕು. ಕೇಳಲು ದೊಡ್ಡದು, ಮಾಡುವುದು ಇಷ್ಟೇ. ರೆಕ್ಕೆಯ ಸುತ್ತಲಿನ ಗಾಳಿಯನ್ನು ಎಂಬತ್ತು ಲಕ್ಷ ಸಣ್ಣ ಸಣ್ಣ ಡಬ್ಬಿಗಳಾಗಿ ಕತ್ತರಿಸಬೇಕು. ಒಂದೊಂದು ಡಬ್ಬಿಯಲ್ಲೂ ಒತ್ತಡ ಎಷ್ಟು, ವೇಗ ಎಷ್ಟು ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಪಕ್ಕದ ಡಬ್ಬಿಗೆ ಹೊಂದದಿದ್ದರೆ ಮತ್ತೆ ಹಾಕುತ್ತದೆ. ಎಲ್ಲ ಹೊಂದಿಕೊಂಡ ಮೇಲೆ ಲೆಕ್ಕ ನಿಲ್ಲುತ್ತದೆ, ವಿದ್ಯಾರ್ಥಿಗೆ ನಿದ್ದೆ ಬರುತ್ತದೆ.

ಎರಕದ ಲೋಹದೊಳಗೆ ಬಿರುಕು ಹುಡುಕಲೆಂದು ಕಾಲೇಜು ಹೊಸದಾಗಿ ತರಿಸಿದ ಎಕ್ಸ್‌-ರೇ ಸ್ಕ್ಯಾನರಿನಲ್ಲಿ ರೆಕ್ಕೆಯ ಅಚ್ಚು ತೆಗೆದಾಗ ಅವಳ ಸುಳ್ಳು ಬಯಲಾಯಿತು. ಲೋಹದ ಮೇಲೆ ಜಿಡ್ಡುಗಟ್ಟಿದ ಧೂಳು, ಈರುಳ್ಳಿಯ ಸಿಪ್ಪೆಯ ಹಾಗೆ ಪದರದ ಮೇಲೆ ಪದರ. ಸರ್ ಬಯ್ಯಲಿಲ್ಲ. ನೀರಿನಲ್ಲಿ ತೊಳೆಯದಿದ್ದುದನ್ನು ಈಗ ಕಂಪ್ಯೂಟರಿನಲ್ಲೇ ತೊಳಿ ಎಂದರು. ಒಂದೊಂದೇ ಪದರ ಕಿತ್ತುಹಾಕುತ್ತ, ಪ್ರತಿ ಸಲವೂ ಗಾಳಿಯ ಲೆಕ್ಕ ಹಾಕುತ್ತ, ಬರೀ ಲೋಹ ಸಿಗುವ ತನಕ ಹೋಗಬೇಕು. ಅದು ಶಿಕ್ಷೆಯೇ.

ಆ ಲೆಕ್ಕ ನಿಲ್ಲಲೊಲ್ಲದು. ಒಂದು ಪದರದಿಂದ ಇನ್ನೊಂದಕ್ಕೆ ಒತ್ತಡದ ಗೆರೆ ಮೇಲೆ ಕೆಳಗೆ ಕುಣಿಯುತ್ತಿತ್ತು. ತಪ್ಪು ಲೆಕ್ಕ ಕುಣಿಯುವುದಕ್ಕೆ ತಾಳ ಇರುವುದಿಲ್ಲ, ಇದಕ್ಕೆ ತಾಳವಿತ್ತು. ಅವಳ ಜೊತೆ ಪ್ರಾಜೆಕ್ಟು ಮಾಡುತ್ತಿದ್ದ ಇಮ್ತಿಯಾಜ್ ಮದುವೆಮನೆಗಳಿಗೆ ಸೌಂಡ್ ಸಿಸ್ಟಮ್ ಹಾಕುವ ಮನೆತನದವನು. ಅಲೆಯಂತೆ ಕಂಡದ್ದನ್ನೆಲ್ಲ ಸ್ಪೀಕರಿಗೆ ಕೊಡುವುದು ಅವನಿಗೆ ರಕ್ತದಲ್ಲೇ ಬಂದಿತ್ತು. ತಮಾಷೆಗೆಂದು ಆ ಗೆರೆಯನ್ನೂ ಕೊಟ್ಟ. ಗರಗರ ಸದ್ದಿನ ನಡುವೆ ಏನೋ ತೊದಲಿತು. ಮೇಲಿನ ಪದರದಿಂದ ಕೆಳಕ್ಕೆ ಹೋಗುತ್ತಿದ್ದೇವೆ, ಅಂದರೆ ಹೊಸದರಿಂದ ಹಳೆಯದಕ್ಕೆ ಎಂದು ಹೊಳೆದು, ಅವನು ಅದನ್ನು ತಿರುವುಮುರುವು ಮಾಡಿ ಮತ್ತೆ ಹಚ್ಚಿದ.

"…ಸಾರಿಗೆ ಉಪ್ಪ ಕಡಿಮಿ…" ಎಂದಿತು ಸ್ಪೀಕರು.

ಹರಿದು ಹರಿದು ಬಂದ ದನಿ. ಆದರೂ ಅದು ಯಾರ ದನಿ ಎಂದು ನೀಲಗಂಗಾಗೆ ಬೇರೆಯವರು ಹೇಳಬೇಕಿರಲಿಲ್ಲ. ಅವಳ ಕೈಯಲ್ಲಿದ್ದ ಚಹದ ಕಪ್ಪು ಕೀಬೋರ್ಡಿನ ಮೇಲೆ ಬಿತ್ತು. ಅಪ್ಪ ದಸರೆಯ ಹಿಂದಿನ ವಾರ ಹಾಗೆಯೇ ಹೇಳಿದ್ದ, ಆ ಫ್ಯಾನಿನ ಕೆಳಗೇ ನಿಂತು.

ಸವದತ್ತಿ ಸರ್ ಎರಡು ದಿನ ಕ್ಲಾಸಿಗೆ ಹೋಗದೆ ಅದರ ಮುಂದೆ ಕುಳಿತರು. ಮೂರನೆಯ ದಿನ ಇಬ್ಬರನ್ನೂ ಕರೆದು, ಬಾಗಿಲು ಹಾಕಿಕೊಂಡು, ತಮಗೆ ತಿಳಿದಷ್ಟು ಹೇಳಿದರು. ಖಾನಾವಳಿಯಲ್ಲಿ ಒಗ್ಗರಣೆ ಹಾಕಿದಾಗ ಎಣ್ಣೆಯ ಹೊಗೆ ಅಡುಗೆಮನೆಯ ಬಾಗಿಲಿನಿಂದ ಹೊರಬರುತ್ತದೆ. ಬಾಗಿಲ ಎದುರು ಹಾಯುವ ರೆಕ್ಕೆಯ ಅಂಚಿಗೆ ಧೂಳನ್ನು ಅಂಟಿಸುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿದರೆ ಗಾಳಿ ನಡುಗುತ್ತದೆ, ಧೂಳು ಬೀಳುವ ಜಾಗ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ಆಚೀಚೆ ಆಗುತ್ತದೆ. ಆಮೇಲೆ ಎಣ್ಣೆ ಗಟ್ಟಿಯಾಗಿ ಅದು ಅಲ್ಲೇ ಕೂರುತ್ತದೆ. ಒಂದು ರೆಕ್ಕೆ ದಾಟಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಹಾಗಾಗಿ ಒಂದು ರೆಕ್ಕೆಯಲ್ಲಿ ಮಾತಿನ ಮೂರನೇ ಒಂದು ಪಾಲು ಮಾತ್ರ ಇರುತ್ತದೆ. ಒಗ್ಗರಣೆ ಇಲ್ಲದ ಹೊತ್ತಿನ ಮಾತು ಎಲ್ಲಿಯೂ ಉಳಿಯುವುದಿಲ್ಲ. ಇಷ್ಟು ಹೇಳಿ ಅವರು ಸುಮ್ಮನೆ ತಲೆಯ ಮೇಲಿನ ಫ್ಯಾನನ್ನು ನೋಡಿದರು. ಮೂವರೂ ನೋಡಿದರು.

ನೀಲಗಂಗಾಗೆ ಆಗ ಹೊಳೆದದ್ದು ಒಂದೇ. ಆ ಫ್ಯಾನನ್ನು ಕಡೆಯ ಸಲ ತೊಳೆದವಳು ಅವಳ ಅವ್ವ ಪಾರವ್ವ, ನಾಲ್ಕು ದಸರೆಯ ಹಿಂದೆ, ಸ್ಟೂಲಿನ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ. ಅದಾದ ಮೂರು ತಿಂಗಳಿಗೆ, ಸಂಕ್ರಾಂತಿಯ ಹಿಂದಿನ ವಾರ, ಒಲೆಯ ಮುಂದೆಯೇ ಕುಸಿದು ಹೋದಳು. ಹೃದಯಾಘಾತ ಎಂದರು ಡಾಕ್ಟರು. ಮಣ್ಣು ಕೊಟ್ಟು ಬಂದ ಅಂಗಳದಲ್ಲೇ ಅವ್ವನ ಅಣ್ಣ ಚಂಬಣ್ಣ, ತಂಗಿಗೆ ಎದೆನೋವು ಬಂದದ್ದು ಗೊತ್ತಿದ್ದೂ ದುಡಿಸಿ ಕೊಂದೆ ಎಂದು ಫಕ್ಕೀರಪ್ಪನ ಮುಖಕ್ಕೆ ಹೇಳಿದ್ದ. ಫಕ್ಕೀರಪ್ಪ ತಲೆ ತಗ್ಗಿಸಿ ನಿಂತಿದ್ದ. ಇಲ್ಲ ಎನ್ನಲಿಲ್ಲ. ಅಂದಿನಿಂದ ಚಂಬಣ್ಣ ಆ ಮನೆಯಲ್ಲಿ ಒಂದು ಲೋಟ ನೀರು ಕುಡಿದಿಲ್ಲ. ಹದಿನೇಳರ ನೀಲಗಂಗಾ ಕೂಡ ಅಪ್ಪನ ಆ ತಗ್ಗಿದ ತಲೆಯನ್ನು ಒಪ್ಪಿಗೆ ಎಂದೇ ಓದಿಕೊಂಡಿದ್ದಳು. ನಾಲ್ಕು ವರ್ಷದಿಂದ ಅಪ್ಪ ಮಗಳ ನಡುವೆ ಊಟ, ಫೀಸು, ಗ್ಯಾಸ್ ಸಿಲಿಂಡರು ಬಿಟ್ಟು ಬೇರೆ ಮಾತಿರಲಿಲ್ಲ.

ಅವ್ವ ಕೊನೆಗೆ ಏನು ಹೇಳಿದಳು, ಯಾರಿಗೆ ಹೇಳಿದಳು, ಅವರು ಏನು ಮಾಡಿದರು. ಅದು ಈಗ ಒಂದು ರೆಕ್ಕೆಯ ಜಿಡ್ಡಿನಲ್ಲಿ ಇತ್ತು.

ಪದರಗಳ ತಳದಲ್ಲಿ ಆ ದಿನಗಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವ್ವ ಹೋದ ಮೇಲೆ ಹನ್ನೊಂದು ದಿನ ಖಾನಾವಳಿ ಮುಚ್ಚಿತ್ತು, ಒಗ್ಗರಣೆಯ ಹೊಗೆ ಇರಲಿಲ್ಲ. ಬಂದವರಿಗೆಂದು ಫ್ಯಾನು ಮಾತ್ರ ತಿರುಗಿತ್ತು. ಹಾಗಾಗಿ ಕಂದು ಪದರಗಳ ನಡುವೆ ಒಂದು ಬಿಳಿಚಿದ ಒಣ ಗೆರೆ ಇತ್ತು. ಅದರ ಕೆಳಗಿನದೆಲ್ಲ ಅವ್ವ ಬದುಕಿದ್ದ ದಿನಗಳು. ಪರದೆಯ ಮೇಲೆ ಆ ಗೆರೆ ಕಂಡಾಗ ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

ಒಂದು ದಿನದ ಪದರಕ್ಕೆ ಕಂಪ್ಯೂಟರು ಒಂದು ದಿನ ತಿನ್ನುತ್ತಿತ್ತು. ಗೆರೆಯ ಕೆಳಗಿನ ಎರಡು ದಿನಗಳನ್ನು ಆಡಿಸಿದಾಗ ಸಿಕ್ಕಿದ್ದು ಚೂರುಗಳು. "…ಎದ್ಯಾಗ ಕಲ್ಲ…" "…ದವಾಖಾನಿ…" ಅವ್ವನ ದನಿ. ಸಂಶಯವೇ ಇಲ್ಲ. ಅದಕ್ಕೆ ಉತ್ತರವಾಗಿ ಇನ್ನೊಂದು ದನಿ, ಗಂಡೋ ಹೆಣ್ಣೋ ತಿಳಿಯದಷ್ಟು ಚೂರು: "…ನಾಳಿ…"

ನಾಳೆಯಂತೆ. ನೀಲಗಂಗಾಗೆ ಮೈಯೆಲ್ಲ ಉರಿದುಹೋಯಿತು. ಆ ಇನ್ನೊಂದು ದನಿ ಯಾರದೆಂದು ಅವಳು ಕೇಳಿಕೊಳ್ಳಲೂ ಇಲ್ಲ. ಅಡುಗೆಮನೆಯಲ್ಲಿ ಅವ್ವನ ಜೊತೆ ಇರುತ್ತಿದ್ದವನು ಒಬ್ಬನೇ. ಲ್ಯಾಬಿನಿಂದ ಹೊರಬಂದವಳೇ ಮುಂಡರಗಿಯಲ್ಲಿದ್ದ ಚಂಬಣ್ಣನಿಗೆ ಫೋನು ಹಚ್ಚಿ, ಭಾನುವಾರ ಬಾ ಮಾವ, ನಿನ್ನ ಕಿವಿಯಿಂದಲೇ ಕೇಳುವಂತೆ ಎಂದಳು. ಚಂಬಣ್ಣ ಬರುತ್ತೇನೆ ಎಂದ.

ಆ ದಿನ ಮನೆಗೆ ಬಂದು ಅಪ್ಪನಿಗೂ ಹೇಳಿದಳು. ಅವನು ತಾಟಿಗೆ ಪಲ್ಯ ಬಡಿಸುತ್ತಿದ್ದ. ಫ್ಯಾನು ಮಾತಾಡುತ್ತದೆ ಎಂದರೆ ಅವನು ನಗಬಹುದು ಎಂದುಕೊಂಡಿದ್ದಳು. ಅವನು ನಗಲಿಲ್ಲ.

"ಎಷ್ಟ ವರ್ಷದ ಹಿಂದಿಂದು ಕೇಳಸ್ತೈತಿ?" ಎಂದ.

ಅವ್ವನ ಕಾಲದ್ದೂ ತಳದಲ್ಲಿದೆ ಎಂದಳು ಅವಳು, ಅವನ ಮುಖವನ್ನೇ ನೋಡುತ್ತ. ಸೌಟು ಪಾತ್ರೆಯ ಮೇಲೆ ನಿಂತಿತು. ಆ ರೆಕ್ಕೆ ವಾಪಸು ತಾ, ಹೋದವರ ಮಾತು ಕೆದಕಬಾರದು ಎಂದ. ಅಷ್ಟೇ ಸಾಕಾಯಿತು ಅವಳಿಗೆ. ಕಳ್ಳನ ಮುಖ ಹೀಗೆಯೇ ಇರುತ್ತದೆ ಎಂದುಕೊಂಡಳು.

ಇತ್ತ ಸುದ್ದಿ ಕಾಲೇಜಿನ ಗೋಡೆ ಹಾರಿತ್ತು. ಯಾರಿಗೂ ಹೇಳಬೇಡಿ ಎಂದು ಸರ್ ಹೇಳಿದ್ದೇ ಎಲ್ಲರಿಗೂ ಗೊತ್ತಾಗಲು ಕಾರಣವಾಯಿತು. ಮೊದಲು ತೊಳೆದದ್ದು ಪ್ರಿನ್ಸಿಪಾಲರ ಕೋಣೆಯ ಫ್ಯಾನು. ಆಮೇಲೆ ಸ್ಟಾಫ್ ರೂಮಿನದು. ಅಲ್ಲಿ ಒಗ್ಗರಣೆ ಹಾಕುವವರು ಯಾರೂ ಇಲ್ಲ, ಜಿಡ್ಡಿಲ್ಲದ ಕಡೆ ಮಾತು ನಿಲ್ಲುವುದಿಲ್ಲ ಎಂದು ಸವದತ್ತಿ ಸರ್ ತಿಳಿಸಿ ಹೇಳಿದರೂ ಕೇಳುವವರಿಲ್ಲ. ಒಂದೇ ವಾರದಲ್ಲಿ ಊರಿನ ಅಂಗಡಿಗಳಲ್ಲಿ ಸೋಡಾಪುಡಿ ಮುಗಿಯಿತು. ಮೂವತ್ತು ವರ್ಷ ಫ್ಯಾನಿನ ಕಡೆ ತಲೆಯೆತ್ತಿ ನೋಡದ ಗಂಡಸರು ಸ್ಟೂಲು ಹತ್ತಿದರು. ಮಲಗುವ ಕೋಣೆಯ ಫ್ಯಾನನ್ನು ಅತ್ತೆ ತೊಳೆಯಬೇಕೋ ಸೊಸೆ ತೊಳೆಯಬೇಕೋ ಎಂದು ಒಂದು ಮನೆಯಲ್ಲಿ ಜಗಳವಾಯಿತಂತೆ. ಮಿರ್ಚಿ ಬಜಿ ಕರಿಯುವ ಅಂಗಡಿಯ ಮುಂದೆ ರಾಜಕೀಯ ಮಾತಾಡುತ್ತಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದರು. ಊರಿಗೆ ಊರೇ ತನ್ನ ಮಾತಿಗೆ ತಾನೇ ಹೆದರಿ ಒದ್ದೆ ಬಟ್ಟೆ ಹಿಡಿದು ನಿಂತಿತ್ತು.

ಶುಕ್ರವಾರ ಮಧ್ಯಾಹ್ನ ಇನ್ನೆರಡು ರೆಕ್ಕೆ ಬಿಚ್ಚಿಕೊಂಡು ಹೋಗಲೆಂದು ನೀಲಗಂಗಾ ಮನೆಗೆ ಬಂದಳು. ಊಟದ ಹೊತ್ತು ಮುಗಿದು ಖಾನಾವಳಿ ಖಾಲಿಯಾಗಿತ್ತು. ಅಪ್ಪ ಸ್ಟೂಲಿನ ಮೇಲೆ ನಿಂತಿದ್ದ. ಒಂದು ರೆಕ್ಕೆ ಹೊಸ ಸ್ಟೀಲು ತಾಟಿನ ಹಾಗೆ ಹೊಳೆಯುತ್ತಿತ್ತು. ಒದ್ದೆ ಬಟ್ಟೆ ಎರಡನೆಯದರ ಹತ್ತಿರ ಹೋಗಿತ್ತು. ಬಕೆಟ್ಟಿನ ನೀರು ಕಪ್ಪಾಗಿತ್ತು.

ಅವಳು ಆ ಕಪ್ಪು ನೀರನ್ನೇ ನೋಡಿದಳು. ಅವ್ವನ ಮಾತಿನ ಒಂದು ಪಾಲು ಅದರಲ್ಲಿ ಕರಗಿಹೋಗಿತ್ತು. ಆಮೇಲೆ ಅಪ್ಪನ ಕೈಯಿಂದ ಬಟ್ಟೆ ಕಿತ್ತು ಎಸೆದಳು.

"ಬ್ಯಾಡವ್ವ," ಎಂದ ಫಕ್ಕೀರಪ್ಪ. "ಅದನ್ನ ಒಯ್ಯಬ್ಯಾಡ. ಕೈ ಮುಗೀತೀನಿ."

ಮಗಳಿಗೆ ಅಪ್ಪ ಕೈ ಮುಗಿಯುವುದನ್ನು ಅವಳು ಎಂದೂ ನೋಡಿರಲಿಲ್ಲ. ಆದರೂ ಅವಳ ಮನಸ್ಸು ಕರಗಲಿಲ್ಲ. ತಿರುಪು ಬಿಚ್ಚಿ, ಒರೆಸದೆ ಉಳಿದಿದ್ದ ಆ ಒಂದು ರೆಕ್ಕೆಯನ್ನು ಬರಿಗೈ ತಾಗದಂತೆ ಸೀರೆಯಲ್ಲಿ ಸುತ್ತಿಕೊಂಡು ಹೊರಟಳು.

ಆ ಹೊತ್ತಿಗೆ ಸರ್ ಕಾಲೇಜಿನ ಅಷ್ಟೂ ಕಂಪ್ಯೂಟರುಗಳನ್ನು ಒಂದಕ್ಕೊಂದು ಕಟ್ಟಿ ಈ ಕೆಲಸಕ್ಕೇ ಹಚ್ಚಿದ್ದರು. ಶನಿವಾರ ಮಧ್ಯಾಹ್ನಕ್ಕೆ ಎರಡನೆಯ ರೆಕ್ಕೆಯ ಲೆಕ್ಕವೂ ಮುಗಿಯಿತು. ಇಮ್ತಿಯಾಜ್ ಎರಡನ್ನೂ ಹೆಣೆದ. ಮೂರನೆಯದಿಲ್ಲದಿದ್ದರೂ ಮಾತು ನಿಂತಿತು, ಕಾಲು ಮುರಿದ ಮಂಚ ಗೋಡೆಗೆ ಒರಗಿ ನಿಲ್ಲುವ ಹಾಗೆ. ಅವನು ಒಬ್ಬನೇ ಮೊದಲು ಹೆಡ್‌ಫೋನಿನಲ್ಲಿ ಕೇಳಿದ. ಕೇಳಿ, ಹೆಡ್‌ಫೋನು ತೆಗೆದು, ಅವಳ ಕಡೆ ನೋಡದೆ, ಇದನ್ನು ಇಲ್ಲಿಗೇ ಬಿಟ್ಟರೆ ಹೇಗೆ ಎಂದ. ಅವಳು ಕಸಿದುಕೊಂಡಳು.

ಮೊದಲು ಸಾಸಿವೆ ಚಟಪಟ ಎಂದಿತು. ಆಮೇಲೆ ಅವ್ವ, ಎದುರಿಗೇ ನಿಂತಂತೆ.

"ನೀಲಾ, ಎದ್ಯಾಗ ಕಲ್ಲ ಇಟ್ಟಂಗ ಆಗೇತವ್ವ. ಎಡಗೈ ಜೋಮ ಹಿಡದೈತಿ. ದವಾಖಾನಿಗೆ ಹೋಗಿ ಬರೂಣೇನು?"

"ಹ್ಞೂಂ," ಎಂದಿತು ಇನ್ನೊಂದು ದನಿ. "ನಾಳಿ ಹೋಗೂಣು."

ಅದು ನೀಲಗಂಗಾಳ ದನಿ.

ಅವಳು ನಿಲ್ಲಿಸಿದಳು. ಮತ್ತೆ ಹಚ್ಚಿದಳು. ಅದೇ ಹ್ಞೂಂ, ಅದೇ ನಾಳೆ. ಆ ಮಾತು ಆಡಿದ ನೆನಪು ಅವಳಿಗೆ ಇರಲೇ ಇಲ್ಲ. ಎಷ್ಟು ಹುಡುಕಿದರೂ ಇಲ್ಲ. ಊಟದ ಮೇಜಿನ ಮೇಲೆ ಪಿಯುಸಿ ಪುಸ್ತಕ ಹರಡಿಕೊಂಡು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದದ್ದು ನೆನಪಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನಾದರೊಂದು ಹೇಳುತ್ತಲೇ ಇರುತ್ತಿದ್ದದ್ದು ನೆನಪಿದೆ. ತಾನು ಹ್ಞೂಂ ಎನ್ನುತ್ತಲೇ ಇರುತ್ತಿದ್ದದ್ದು ನೆನಪಿದೆ. ಆದರೆ ಈ ಹ್ಞೂಂ ಯಾವ ದಿನದ್ದು, ಅದರ ಹಿಂದೆ ಎಂಥ ಪ್ರಶ್ನೆ ಇತ್ತು, ಒಂದೂ ಇಲ್ಲ. ಧೂಳಿಗೆ ನೆನಪಿತ್ತು, ಅವಳಿಗಿರಲಿಲ್ಲ.

ಅದೇ ದಿನದ ಸಂಜೆಯ ಒಗ್ಗರಣೆ. ಈ ಸಲ ಅಪ್ಪನ ದನಿ.

"ಇವತ್ತ ಹೋಗೂಣು ನಡಿ. ಖಾನಾವಳಿ ಮುಚ್ಚತೀನಿ."

"ಬ್ಯಾಡ್ರಿ," ಎಂದಳು ಅವ್ವ. ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. "ನಾಳಿ ನೀಲಾ ಕರಕೊಂಡ ಹೋಗತೇನಂದಾಳ. ಇಂಗ್ಲಿಷ್ ಓದ್ಯಾಳ, ಡಾಕ್ಟರ್ ಕೂಡ ಅಕಿನ ಮಾತಾಡ್ಲಿ."

ಮರುದಿನದ ಪದರ ತೀರ ತೆಳುವಾಗಿತ್ತು. ಮಧ್ಯಾಹ್ನದ ಸಾಸಿವೆ ಸಿಡಿಯಿತು. "ನೀಲಾ ಬಂದ್ಲೇನು ನೋಡ್ರಿ," ಎಂದಳು ಅವ್ವ. ಅದರ ಮೇಲೆ ಏನೂ ಇರಲಿಲ್ಲ. ಅದರ ಮೇಲೆ ಆ ಒಣ ಗೆರೆ.

ಆ ದಿನ ಕಾಲೇಜು ಮುಗಿಸಿ ಗೆಳತಿಯ ಮನೆಗೆ ಪ್ರಾಕ್ಟಿಕಲ್ ರೆಕಾರ್ಡು ಬರೆಯಲು ಹೋಗಿದ್ದೆ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಇಮ್ತಿಯಾಜ್ ನೀರು ತಂದು ಕೊಟ್ಟ. ಅವಳು ಲೋಟ ಹಿಡಿದು ಹಾಗೇ ಕುಳಿತಳು. ಕುಡಿಯಬೇಕು ಎಂಬುದು ಕೈಗೆ ತಿಳಿಯುತ್ತಿರಲಿಲ್ಲ.

ಮನೆಗೆ ಹೋದಾಗ ಅಪ್ಪ ರಾತ್ರಿಯ ಊಟಕ್ಕೆಂದು ಕಟ್ಟೆಯ ಮೇಲೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದ. ತಲೆಯೆತ್ತಿ ಮಗಳ ಮುಖ ನೋಡಿದ. ಕೇಳುವುದು ಏನೂ ಉಳಿಯಲಿಲ್ಲ. ಈಳಿಗೆಯನ್ನು ಮೆಲ್ಲಗೆ ಮಡಿಸಿಟ್ಟ.

ಯಾಕೆ ಹೇಳಲಿಲ್ಲ ಎಂದಳು ನೀಲಗಂಗಾ. ಚಂಬಣ್ಣಮಾವ ಊರ ಮುಂದೆ ಅಷ್ಟು ಅಂದಾಗಲಾದರೂ ಬಾಯಿ ಬಿಡಬಹುದಿತ್ತು. ನಾಲ್ಕು ವರ್ಷ ತಾನು ಮುಖ ತಿರುಗಿಸಿಕೊಂಡು ಓಡಾಡುವಾಗಲಾದರೂ ಒಂದು ಮಾತು ಹೇಳಬಹುದಿತ್ತು.

"ಬೈಸಿಗೊಳ್ಳಾಕ ನಾ ಗಟ್ಟಿ ಇದ್ದೆ," ಎಂದ ಫಕ್ಕೀರಪ್ಪ. "ನಿನಗ ಆವಾಗ ಹದಿನೇಳು ವರ್ಷ. ಆಕಿ ಹೋದ್ಲು. ನೀನರ ಉಳೀಬೇಕಲ್ಲ."

ತನ್ನದೂ ತಪ್ಪಿದೆ, ಬೇಡ ಅಂದಾಕ್ಷಣ ಸುಮ್ಮನಾಗಬಾರದಿತ್ತು ಎಂದೂ ಹೇಳಿದ. ಆಮೇಲೆ ನಾಳೆಯ ಮಾತು ತೆಗೆದ. ಚಂಬಣ್ಣ ಬಂದರೆ ಕಂಪ್ಯೂಟರು ಕೆಟ್ಟಿತು, ರೆಕ್ಕೆ ಹಾಳಾಯಿತು ಎಂದು ಹೇಳಿಬಿಡೋಣ. ಅವನು ಬೈದು ಹೋಗುತ್ತಾನೆ. ಅದೇನು ಹೊಸದಲ್ಲ. ನೀಲಗಂಗಾ ಹ್ಞೂಂ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಎರಡೂ ರೆಕ್ಕೆಗಳನ್ನು ತಂದು, ಸ್ಟೂಲು ಹತ್ತಿ, ಇದ್ದ ಜಾಗದಲ್ಲೇ ಕೂಡಿಸಿದಳು. ಎರಡು ಕಪ್ಪು, ಒಂದು ಬಿಳಿ. ಹನ್ನೆರಡರ ಹೊತ್ತಿಗೆ ಚಂಬಣ್ಣ ಬಂದ. ಕೈ ಕಟ್ಟಿಕೊಂಡು ಗೋಡೆಯ ಕಡೆಯ ಮೇಜಿಗೆ ಕುಳಿತ. ಇಟ್ಟ ನೀರನ್ನು ಬದಿಗೆ ಸರಿಸಿದ. ಹಚ್ಚು, ಎಲ್ಲಿದೆ ಅದು ಎಂದ. ಊಟಕ್ಕೆ ಬಂದಿದ್ದ ಏಳೆಂಟು ಜನ ರೊಟ್ಟಿ ಮುರಿಯುವುದು ಬಿಟ್ಟು ನೋಡಿದರು. ಕಂಪ್ಯೂಟರಿನ ಆಟ ಮುಗಿದುಹೋಯಿತು ಎಂದು ಅಪ್ಪ ಅಡುಗೆಮನೆಯ ಒಳಗಿನಿಂದಲೇ ಶುರುಮಾಡಿದ. ಅವಳು ಫ್ಯಾನಿನ ಸ್ವಿಚ್ಚು ಒತ್ತಿದಳು.

"ಅಪ್ಪ, ಒಗ್ಗರಣಿ ಹಾಕು," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಎಣ್ಣೆ ಕಾಯಿಸಿದ. ಸಾಸಿವೆ ಸಿಡಿಯಿತು, ಬೆಳ್ಳುಳ್ಳಿ ಕೆಂಪಾಯಿತು, ಹೊಗೆ ಬಾಗಿಲು ದಾಟಿ ಹೊರಬಂತು. ಅದು ಫ್ಯಾನಿನ ತನಕ ಏರುವುದನ್ನು ನೀಲಗಂಗಾ ನೋಡುತ್ತ ನಿಂತಳು. ಆಮೇಲೆ ಪಾಠ ಒಪ್ಪಿಸುವವಳಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅವ್ವ ಎದಿನೋವು ಅಂತ ನನಗ ಹೇಳಿದ್ಲು, ಮಾವ. ನಾಳಿ ಕರಕೊಂಡ ಹೋಗತೀನಿ ಅಂದೆ. ಏನ್ ಹೇಳಿದ್ಲು ಅಂತ ನಾ ಕೇಳಸಿಕೊಂಡಿರಲೇ ಇಲ್ಲ. ಅಪ್ಪ ಅವತ್ತ ಹೋಗೂಣು ಅಂದಿದ್ದ. ಆಕಿ ನನ್ನ ದಾರಿ ನೋಡಕೋತ ಕುಂತ್ಲು. ನಾ ಬರಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಫಕ್ಕೀರಪ್ಪ ಸೌಟು ಹಿಡಿದು ನಿಂತಿದ್ದ. ಒಳಗೆ ಒಗ್ಗರಣೆ ಹೊತ್ತಿ ಕಮಟು ವಾಸನೆ ಬರುತ್ತಿತ್ತು, ಅವನಿಗೆ ಅದರ ಪರಿವೆಯಿರಲಿಲ್ಲ. ಚಂಬಣ್ಣನ ಕಟ್ಟಿದ ಕೈ ಯಾವಾಗ ಬಿಚ್ಚಿತೋ ಅವನಿಗೇ ತಿಳಿಯಲಿಲ್ಲ. ಸೊಸೆಯನ್ನು ಬಯ್ಯಬೇಕು ಎಂದು ಬಾಯಿ ತೆರೆದ. ಅವಳ ಮುಖದಲ್ಲಿ ತಂಗಿಯ ಮುಖ ಕಂಡಿತೋ ಏನೋ, ಮುಚ್ಚಿದ. ಬದಿಗೆ ಸರಿಸಿದ್ದ ಲೋಟವನ್ನು ಹತ್ತಿರ ಎಳೆದುಕೊಂಡು ಅರ್ಧ ಕುಡಿದ.

"ಫಕ್ಕೀರಪ್ಪ," ಎಂದ. "ಒಂದ ತಾಟ ಹಾಕು."

ಅಪ್ಪ ತಾಟು ತಂದ. ಒಂದಲ್ಲ, ಎರಡು. ಒಂದನ್ನು ಚಂಬಣ್ಣನ ಮುಂದೆ ಇಟ್ಟ. ಇನ್ನೊಂದನ್ನು ಇಟ್ಟು, ಮಗಳ ಕಡೆ ಬಾಗಿ ಏನೋ ಹೇಳಿದ. ತಾಟುಗಳ ಸದ್ದು ಮತ್ತೆ ಶುರುವಾಗಿತ್ತು, ಫ್ಯಾನಿನ ಗರಗರ ಬೇರೆ. ಹ್ಞೂಂ ಎಂಬುದು ನೀಲಗಂಗಾಳ ತುಟಿಯ ತನಕ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಅಪ್ಪನ ಮುಖ ನೋಡಿದಳು.

"ಇನ್ನೊಮ್ಮೆ ಹೇಳಪ್ಪ," ಎಂದಳು. "ನನಗ ಕೇಳಿಸಲಿಲ್ಲ."